ಎರಿಹೊಲದ ಗೂಗಿ ಯಾವ ಪ್ರಭೇದ?

ನವಲಗುಂದ ಸೀಮೆಯಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಗುಂಟ ಮಳೆನೀರು ಕೊರೆದ ಕೊರಕಲುಗಳಿವೆ. ಎರಿಮಣ್ಣು ಕಡಿದು ಬಿದ್ದು ಆಳೆತ್ತರಕ್ಕೆ ನಿಂತ ದಂಡೆ, ಬುಡದಲ್ಲಿ ಜಾಲಿಕಂಟಿ, ಮೇಲೆ ಕಣ್ಣು ಹಾಯುವಷ್ಟು ದೂರ ಕಡಲೆ, ಜೋಳ, ಹತ್ತಿ. ಕೊಂಬಿನ ಗೂಬೆಗೆ ಇಂಥ ನೆಲವೇ ಹೇಳಿಮಾಡಿಸಿದ್ದು. ಅದು ಗೂಡು ಕಟ್ಟುವ ಹಕ್ಕಿಯಲ್ಲ. ದಂಡೆಯ ಚಾಚಿನ ಮೇಲೋ, ಕಂಟಿಯ ಮರೆಯಲ್ಲೋ ಬರಿಯ ಮಣ್ಣಿನ ಮೇಲೆ ಎರಡರಿಂದ ನಾಲ್ಕು ಮೊಟ್ಟೆ ಇಟ್ಟು ಕಾವಿಗೆ ಕೂಡುತ್ತದೆ. ಅರ್ಧ ಮೀಟರಿಗಿಂತ ತುಸು ಉದ್ದದ ಮೈ, ಒಣಮಣ್ಣಿನಲ್ಲಿ ಕಲೆತುಹೋಗುವ ಕಂದು ಬಣ್ಣ, ಕಿತ್ತಳೆ ಕಣ್ಣು, ನೆತ್ತಿಯ ಎರಡೂ ಬದಿಗೆ ನಿಮಿರುವ ಗರಿ. ಹೊತ್ತು ಮುಳುಗಿದ ಮೇಲೆ ಹಳ್ಳದ ಕಡೆಯಿಂದ ‘ಬೂ-ಬೋ’ ಎಂಬ ಎರಡು ಸ್ವರದ ಆಳವಾದ ಕೂಗು ಬರುತ್ತದೆ. ಎರಡನೆಯ ಸ್ವರ ಮೊದಲಿನದಕ್ಕಿಂತ ಉದ್ದ, ಒತ್ತೂ ಹೆಚ್ಚು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇದಕ್ಕೂ ಗೂಗಿ ಎಂದೇ ಹೆಸರು.

ಅಪ್ಪಂದಿರ ಕಾಲದ ಪಕ್ಷಿಗ್ರಂಥಗಳಲ್ಲಿ ಈ ಗೂಗಿಯ ವೈಜ್ಞಾನಿಕ ಹೆಸರು ಮೂರು ಪದದ್ದು: ಬುಬೊ ಬುಬೊ ಬೆಂಗಾಲೆನ್ಸಿಸ್. ಇವತ್ತಿನ ಗ್ರಂಥಗಳಲ್ಲಿ ಎರಡೇ ಪದ: ಬುಬೊ ಬೆಂಗಾಲೆನ್ಸಿಸ್. ಮೂರು ಪದದ ಹೆಸರಿದ್ದರೆ ಅದು ಉಪಪ್ರಭೇದ, ಅಂದರೆ ಇನ್ನೊಂದು ದೊಡ್ಡ ಪ್ರಭೇದದ ಪ್ರಾದೇಶಿಕ ರೂಪ. ಎರಡು ಪದವಾದರೆ ತಾನೇ ಒಂದು ಪ್ರಭೇದ. ಹಳ್ಳದ ದಂಡೆಯ ಹಕ್ಕಿಯಲ್ಲಿ ಈ ನಡುವೆ ಏನೂ ಬದಲಾಗಿಲ್ಲ. ಅದರ ಬಗ್ಗೆ ನಮಗಿರುವ ತಿಳಿವಳಿಕೆ ಬದಲಾಗಿದೆ. ಒಂದು ಪದ ಬಿದ್ದುಹೋಗಲು ಎಂಥ ಸಾಕ್ಷ್ಯ ಬೇಕಾಯಿತು ಎಂಬುದನ್ನು ವಿವರವಾಗಿ ನೋಡುವುದು ಒಳ್ಳೆಯದು. ಯಾಕೆಂದರೆ ಅದೇ ಪ್ರಶ್ನೆ ಈ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಇನ್ನೊಂದು ಗೂಗಿಯ ವಿಷಯದಲ್ಲಿ ಇವತ್ತಿಗೂ ತೆರೆದೇ ಇದೆ.

ಕಥೆ 1831ಕ್ಕೆ ಹೋಗುತ್ತದೆ. ಬಂಗಾಳ ಸೇನೆಯ ಅಧಿಕಾರಿ ಜೇಮ್ಸ್ ಫ್ರಾಂಕ್ಲಿನ್, ಉತ್ತರಧ್ರುವ ಪ್ರದೇಶದ ಶೋಧಕ ಜಾನ್ ಫ್ರಾಂಕ್ಲಿನ್‌ನ ಅಣ್ಣ, ಕಲ್ಕತ್ತೆಯಿಂದ ಬನಾರಸದವರೆಗೆ ಗಂಗೆಯ ದಡದಲ್ಲೂ ಅಲ್ಲಿಂದ ಮುಂದೆ ವಿಂಧ್ಯದ ಗುಡ್ಡಗಳಲ್ಲೂ ಸಂಗ್ರಹಿಸಿದ ಹಕ್ಕಿಗಳ ಪಟ್ಟಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದ. ಅದರಲ್ಲಿ ಎರಡು ಗೂಬೆಗಳಿಗೆ ಹೊಸ ಹೆಸರು ಕೊಟ್ಟ. ಒಂದು ಈ ಕೊಂಬಿನ ಗೂಬೆ. ಇನ್ನೊಂದು, ಊರೊಳಗಿನ ಬೇವು, ಹುಣಸೆ ಮರಗಳ ಪೊಟರೆಯಲ್ಲಿರುವ ಗಿಡ್ಡ, ಚುಕ್ಕೆ ಮೈಯ ಹಾಲಕ್ಕಿಯ ಉತ್ತರ ಭಾರತದ ರೂಪ. ಅದನ್ನು ‘ಇಂಡಿಕ’ ಎಂದು ಕರೆದ. ಫ್ರಾಂಕ್ಲಿನ್ನನ ಲೆಕ್ಕದಲ್ಲಿ ಎರಡೂ ಸ್ವತಂತ್ರ ಪ್ರಭೇದಗಳು. ಒಂದೇ ವರ್ಷ, ಒಂದೇ ಪಟ್ಟಿ, ಒಂದೇ ಲೇಖನಿ. ಮುಂದೆ ಎರಡರ ದಾರಿ ಬೇರೆಯಾಯಿತು.

19ನೇ ಶತಮಾನದ ಕೊನೆಯ ಹೊತ್ತಿಗೆ ಪಕ್ಷಿವಿಜ್ಞಾನದ ಗಾಳಿ ತಿರುಗಿತು. ಪ್ರತಿ ಊರಿನ ಪ್ರತಿ ಬಣ್ಣಕ್ಕೂ ಹೊಸ ಪ್ರಭೇದ ಎನ್ನುತ್ತಿದ್ದ ಕಾಲ ಮುಗಿದು, ಹತ್ತಿರದವನ್ನೆಲ್ಲ ಕೂಡಿಸಿ ಒಂದೇ ಪ್ರಭೇದದ ಕೆಳಗೆ ಉಪಪ್ರಭೇದಗಳಾಗಿ ಕಟ್ಟುವ ಕಾಲ ಬಂತು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಮಾಲೆಗಾಗಿ 1922ರಿಂದ 1930ರವರೆಗೆ ಸ್ಟುವರ್ಟ್ ಬೇಕರ್ ಬರೆದ ಪಕ್ಷಿ ಸಂಪುಟಗಳು ಮೂರು ಪದದ ಹೆಸರುಗಳನ್ನು ನಮ್ಮಲ್ಲಿ ರೂಢಿಗೆ ತಂದವು. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿ 1968ರಿಂದ 1974ರವರೆಗೆ ಹೊರತಂದ ಹತ್ತು ಸಂಪುಟಗಳ ಕೈಪಿಡಿಯೂ ಅದೇ ಹಾದಿ ಹಿಡಿಯಿತು. ಅದರ ಪ್ರಕಾರ ಬೆಣ್ಣಿಹಳ್ಳದ ಗೂಗಿಯೂ ಸ್ಪೇನಿನ ಗುಡ್ಡದ ಗೂಬೆಯೂ ಸೈಬೀರಿಯದ ಗೂಬೆಯೂ ಒಂದೇ ಪ್ರಭೇದ, 1758ರಲ್ಲಿ ಲಿನೇಯಸ್ ಹೆಸರಿಟ್ಟ ಯುರೇಷಿಯದ ಕೊಂಬಿನ ಗೂಬೆ. ನಮ್ಮದು ಅದರ ದಕ್ಷಿಣದ ಒಂದು ಕೊಂಬೆ.

ಇದನ್ನು ಅವರ ಉಡಾಫೆ ಎಂದು ನಾನು ಭಾವಿಸುವುದಿಲ್ಲ. ಅವರ ಮುಂದಿದ್ದದ್ದು ವಸ್ತುಸಂಗ್ರಹಾಲಯದ ಚರ್ಮಗಳು. ಹತ್ತಿ ತುಂಬಿ ಹೊಲಿದು, ಕಾಲಿಗೆ ಚೀಟಿ ಕಟ್ಟಿ, ಖಾನೆಯಲ್ಲಿ ಮಲಗಿಸಿದ ಹಕ್ಕಿಗಳು. ಚರ್ಮ ಅಳತೆ ಹೇಳುತ್ತದೆ, ಬಣ್ಣ ಹೇಳುತ್ತದೆ. ಕೂಗನ್ನು ಮಾತ್ರ ಹೇಳುವುದಿಲ್ಲ. ಗೂಬೆಯಂಥ ರಾತ್ರಿಯ ಹಕ್ಕಿಯ ವಿಷಯದಲ್ಲಿ ಇದು ಬಹಳ ದೊಡ್ಡ ಕೊರತೆ.

ಪ್ರಭೇದವೆಂದರೇನು ಎಂಬುದಕ್ಕೆ ಹೆಚ್ಚು ಜನ ಒಪ್ಪಿದ ವ್ಯಾಖ್ಯೆಯನ್ನು ಅರ್ನ್‌ಸ್ಟ್ ಮಾಯರ್ 1942ರಲ್ಲಿ ಕೊಟ್ಟರು. ತಮ್ಮತಮ್ಮಲ್ಲಿ ಕೂಡಿ ಸಂತತಿ ಬೆಳೆಸುವ, ಬೇರೆ ಗುಂಪುಗಳೊಂದಿಗೆ ಹಾಗೆ ಬೆರೆಯದ ಜೀವಿಗಳ ಸಮುದಾಯ ಒಂದು ಪ್ರಭೇದ. ಮಾಯರ್ ಇದನ್ನು ಕುರ್ಚಿಯಲ್ಲಿ ಕೂತು ಯೋಚಿಸಿದವರಲ್ಲ. 1928ರಲ್ಲಿ ನ್ಯೂಗಿನಿಯ ಆರ್ಫಾಕ್ ಬೆಟ್ಟಗಳಲ್ಲಿ ಅಲೆದಾಗ ತಾವು 137 ಪ್ರಭೇದಗಳೆಂದು ಗುರುತಿಸಿದ ಹಕ್ಕಿಗಳಿಗೆ ಅಲ್ಲಿನ ಬುಡಕಟ್ಟಿನವರು 136 ಹೆಸರು ಹೇಳಿದ್ದನ್ನು ಕಂಡಿದ್ದರು. ಪ್ರಭೇದಗಳು ವಿಜ್ಞಾನಿಗಳು ಕಾಗದದ ಮೇಲೆ ಎಳೆದ ಗೆರೆಗಳಲ್ಲ, ನಿಜವಾಗಿಯೂ ಲೋಕದಲ್ಲಿ ಇರುವಂಥವು ಎಂಬ ಅವರ ನಂಬಿಕೆಗೆ ಅದು ಬಲ ಕೊಟ್ಟಿತು.

ಒಂದೇ ಕಾಡಿನಲ್ಲಿ ಎರಡು ಗೂಬೆಗಳಿದ್ದು ಅವು ಬೆರೆಯದೆ ಉಳಿದರೆ ಮಾಯರ್ ವ್ಯಾಖ್ಯೆ ಸಲೀಸಾಗಿ ಅನ್ವಯವಾಗುತ್ತದೆ. ತೊಡಕು ಬರುವುದು ಅವು ಎದುರುಬದುರಾಗದಿದ್ದಾಗ. ಯುರೇಷಿಯದ ಗೂಬೆ ಹಿಮಾಲಯದ ಎತ್ತರದಲ್ಲೂ ಅದರಾಚೆಯೂ ಇದೆ, ನಮ್ಮದು ಕೆಳಗಿನ ಬಯಲಿನಲ್ಲಿದೆ. ಇವೆರಡು ಭೇಟಿಯಾದರೆ ಜೋಡಿ ಕಟ್ಟುತ್ತವೆಯೇ? ಭೇಟಿಯೇ ಆಗದವರ ಬಗ್ಗೆ ಇಂಥ ಪ್ರಶ್ನೆ ಕೇಳಿದರೆ ಉತ್ತರ ಪರೋಕ್ಷ ಸಾಕ್ಷ್ಯದಿಂದಲೇ ಬರಬೇಕು.

ಇನ್ನೊಂದು ತೊಡಕನ್ನು ಹಾಲಕ್ಕಿ ತೋರಿಸಿಕೊಡುತ್ತದೆ. 1821ರಲ್ಲಿ ಪುದುಚೇರಿಯ ಮಾದರಿಯನ್ನಿಟ್ಟುಕೊಂಡು ತೆಮ್ಮಿಂಕ್ ಅದಕ್ಕೆ ‘ಬ್ರಾಮ’ ಎಂದು ಹೆಸರಿಟ್ಟಿದ್ದ. ಧಾರವಾಡದ ಹಾಲಕ್ಕಿ ಈ ದಕ್ಷಿಣದ ರೂಪಕ್ಕೇ ಸೇರಿದ್ದು, ಸ್ವಲ್ಪ ಚಿಕ್ಕದು, ಬಣ್ಣ ಸ್ವಲ್ಪ ಗಾಢ. ಫ್ರಾಂಕ್ಲಿನ್ನನ ‘ಇಂಡಿಕ’ ಉತ್ತರದ್ದು, ತುಸು ದೊಡ್ಡದು, ತಿಳಿಬಣ್ಣದ್ದು. ಎರಡರ ನಡುವಿನ ಗೆರೆಯನ್ನು ಗ್ರಂಥಗಳು ಸುಮಾರು 20 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಎಳೆಯುತ್ತವೆ. ಆ ಗೆರೆ ನೆಲದ ಮೇಲೆಲ್ಲೂ ಇಲ್ಲ. ಕುಂದಗೋಳದಿಂದ ಮೈಸೂರಿನವರೆಗೆ ಹಳ್ಳಿಯಿಂದ ಹಳ್ಳಿಗೆ ನಡೆದುಹೋದವನಿಗೆ ಧಾರವಾಡದ ಕನ್ನಡ ಯಾವ ಊರಿನಲ್ಲಿ ಮುಗಿದು ಮೈಸೂರಿನ ಕನ್ನಡ ಯಾವ ಊರಿನಲ್ಲಿ ಶುರುವಾಯಿತು ಎಂದು ಹೇಳಲಾಗದು. ಪಕ್ಕದೂರಿನವರ ಮಾತು ಎಲ್ಲೆಡೆಯೂ ತಿಳಿಯುತ್ತದೆ, ಆದರೆ ಎರಡು ತುದಿಗಳು ಬೇರೆಯಾಗಿ ಕೇಳಿಸುತ್ತವೆ. ಹಾಲಕ್ಕಿಯೂ ಹೀಗೆಯೇ ಉತ್ತರದಿಂದ ದಕ್ಷಿಣಕ್ಕೆ ಮೆಲ್ಲಗೆ ಬದಲಾಗುತ್ತದೆ, ಎಲ್ಲಿಯೂ ಕಡಿದುಹೋಗುವುದಿಲ್ಲ. ಅದಕ್ಕೇ ಫ್ರಾಂಕ್ಲಿನ್ನನ ಎರಡನೆಯ ಗೂಬೆ ಉಪಪ್ರಭೇದವಾಗಿ ಇಳಿಯಿತು, ಅಲ್ಲಿಯೇ ಉಳಿಯಿತು. ಈ ತೀರ್ಮಾನ ಸರಿಯೆಂದೇ ನನಗೆ ತೋರುತ್ತದೆ. ಉಪಪ್ರಭೇದ ಎಂಬ ಮಾತು ಅತ್ಯಂತ ಚೆನ್ನಾಗಿ ಒಪ್ಪುವುದು ಇಂಥಲ್ಲಿ.

ಕೊಂಬಿನ ಗೂಬೆಯ ಸಂಗತಿ ಬೇರೆ. ಅಲ್ಲಿ ಬದಲಾವಣೆ ಮೆಲ್ಲಗಿನದಲ್ಲ, ಕಡಿದದ್ದು. ಮತ್ತು ಅದನ್ನು ಎತ್ತಿ ತೋರಿಸಿದ್ದು ಕೂಗು.

ಕೋಗಿಲೆ, ನವಿಲು, ಪಾರಿವಾಳಗಳ ಹಾಗೆ ಗೂಬೆಯೂ ತನ್ನ ಕೂಗನ್ನು ಕಲಿಯುವುದಿಲ್ಲ. ಪಿಕಳಾರ, ಮಡಿವಾಳಗಳಂಥ ಹಾಡುಹಕ್ಕಿಗಳು ಹಿರಿಯರ ಹಾಡು ಕೇಳಿ ಕಲಿಯುತ್ತವೆ, ಗಿಳಿಗಳೂ ಕಲಿಯುತ್ತವೆ. ಹಾಗಾಗಿ ಅವುಗಳ ಹಾಡಿನಲ್ಲಿ ಊರೂರಿಗೆ ಕಂಡುಬರುವ ವ್ಯತ್ಯಾಸ ಬರಿಯ ರೂಢಿಯೂ ಆಗಿರಬಹುದು. ಗೂಬೆಯ ಮರಿಗೆ ಕೂಗು ಹುಟ್ಟಿನಿಂದ ಬಂದದ್ದು. ಅದನ್ನು ಬೇರೆ ಗೂಬೆಗಳ ನಡುವೆ ಬೆಳೆಸಿದರೂ ದೊಡ್ಡದಾದ ಮೇಲೆ ಅದು ಕೂಗುವುದು ತನ್ನ ಕುಲದ ಕೂಗನ್ನೇ. ಅಂದರೆ ಗೂಬೆಯ ಕೂಗು ಅದರ ಕೊಕ್ಕಿನ ಹಾಗೆ, ಕಾಲಿನ ಹಾಗೆ, ವಂಶದಿಂದ ಇಳಿದುಬಂದ ಲಕ್ಷಣ. ಅಷ್ಟೇ ಅಲ್ಲ, ಕತ್ತಲಲ್ಲಿ ಗಂಡು ತನ್ನ ಎಲ್ಲೆಯನ್ನು ಸಾರುವುದೂ ಹೆಣ್ಣು ತನ್ನ ಜೋಡಿಯನ್ನು ಗುರುತಿಸುವುದೂ ಈ ಕೂಗಿನಿಂದಲೇ. ಕೂಗು ಹೊಂದದಿದ್ದರೆ ಜೋಡಿ ಕೂಡುವುದಿಲ್ಲ. ಆದ್ದರಿಂದ ಮಾಯರ್ ಕೇಳಿದ ‘ಬೆರೆಯುತ್ತವೆಯೇ?’ ಎಂಬ ಪ್ರಶ್ನೆಗೆ ಗೂಬೆಗಳಲ್ಲಿ ಬಣ್ಣಕ್ಕಿಂತ ಕೂಗು ಹತ್ತಿರದ ಉತ್ತರ ಕೊಡುತ್ತದೆ.

ಇದನ್ನು ಪಟ್ಟಾಗಿ ಹಿಡಿದವರಲ್ಲಿ ಮುಖ್ಯರು ಅಮೆರಿಕದ ಜೋ ಮಾರ್ಷಲ್. ಧ್ವನಿಯನ್ನೇ ಆಧಾರ ಮಾಡಿಕೊಂಡು ಏಷ್ಯಾದ ಸಣ್ಣ ರಾತ್ರಿಹಕ್ಕಿಗಳ ವರ್ಗೀಕರಣದ ಬಗ್ಗೆ ಅವರು 1978ರಲ್ಲಿ ಬರೆದ ಪ್ರಬಂಧ ಮುಂದಿನ ಕೆಲಸಕ್ಕೆಲ್ಲ ತಳಪಾಯವಾಯಿತು. ಅದರ ಫಲ ಎದ್ದುಕಂಡದ್ದು ಸ್ಕಾಪ್ಸ್ ಗೂಬೆಗಳಲ್ಲಿ. ಇವು ಗೇಣುದ್ದದ, ಕಿರುಗೊಂಬಿನ, ಮರದ ತೊಗಟೆಯ ಬಣ್ಣದ ಸಣ್ಣ ಗೂಬೆಗಳು. ಹಗಲೆಲ್ಲ ಮಾವಿನ ಕೊಂಬೆಯ ಸಂದಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೂತರೆ ಕೆಳಗೆ ನಿಂತವರಿಗೂ ಕಾಣುವುದಿಲ್ಲ. ಬಣ್ಣ ನೋಡಿ ಇವುಗಳನ್ನು ಬೇರ್ಪಡಿಸಹೊರಟರೆ ಸೋಲು ಖಚಿತ, ಏಕೆಂದರೆ ಒಂದೇ ಪ್ರಭೇದದಲ್ಲಿ ಬೂದು ಬಣ್ಣದವೂ ಕೆಂಗಂದು ಬಣ್ಣದವೂ ಹುಟ್ಟುತ್ತವೆ. ಸಲೀಂ ಅಲಿ ಮತ್ತು ರಿಪ್ಲಿಯ ಕೈಪಿಡಿ ನಮ್ಮ ಬಯಲಿನ ಸ್ಕಾಪ್ಸ್ ಗೂಬೆಯನ್ನೂ ಹಿಮಾಲಯದ ತಪ್ಪಲಿನದನ್ನೂ ಒಂದೇ ಪ್ರಭೇದದಲ್ಲಿ ಇರಿಸಿತ್ತು. ಕಿವಿಗೊಟ್ಟು ಕೇಳಿದಾಗ ಅವು ಬೇರೆಬೇರೆ. ನಮ್ಮದು ‘ವಟ್?’ ಎಂದು ಪ್ರಶ್ನೆ ಕೇಳುವ ಹಾಗೆ ಕೊನೆಗೆ ದನಿಯೇರಿಸಿ, ಕಪ್ಪೆಯ ದನಿ ಎಂದು ಮೋಸಹೋಗುವಂತೆ, ಅದೊಂದನ್ನೇ ಬಿಟ್ಟುಬಿಟ್ಟು ಹೇಳುತ್ತ ಹೋಗುತ್ತದೆ. ಹಿಮಾಲಯದ ಕಡೆಯದು ಮೃದುವಾಗಿ, ಕೊನೆಗೆ ದನಿ ಇಳಿಸಿ ‘ಬೂವ್’ ಎನ್ನುತ್ತದೆ. 2005ರಲ್ಲಿ ಪಮೇಲಾ ರಾಸ್ಮುಸೆನ್ ಮತ್ತು ಜಾನ್ ಆಂಡರ್ಟನ್ ದಕ್ಷಿಣ ಏಷ್ಯಾದ ಹಕ್ಕಿಗಳ ಬಗ್ಗೆ ಹೊರತಂದ ಎರಡು ಸಂಪುಟಗಳು ಧ್ವನಿಯ ರೇಖಾಚಿತ್ರಗಳ ಸಮೇತ ಇವನ್ನು ಬೇರೆ ಪ್ರಭೇದಗಳೆಂದವು. ಸಲೀಂ ಅಲಿ ಮತ್ತು ರಿಪ್ಲಿಯ ಕೈಪಿಡಿ ಯುರೋಪಿನ ಸ್ಕಾಪ್ಸ್ ಗೂಬೆಯೊಂದಿಗೆ ಕೂಡಿಸಿಟ್ಟಿದ್ದ ಇನ್ನೊಂದು ಗೂಬೆಯೂ, ಮೂರು ತಾಳದಲ್ಲಿ ಕೂಗುವುದು, ಇವತ್ತು ತಾನೇ ಒಂದು ಪ್ರಭೇದ.

ಶ್ರೀಲಂಕಾದ ಮಳೆಕಾಡಿನಲ್ಲಿ ದೀಪಾಲ್ ವರಕಗೊಡ 1995ರಲ್ಲಿ ಗುರುತು ಸಿಗದ ಒಂದು ಕೂಗು ಕೇಳಿದರು. 2001ರಲ್ಲಿ ಹಕ್ಕಿ ಕಣ್ಣಿಗೆ ಬಿತ್ತು. 2004ರಲ್ಲಿ ಅವರೂ ರಾಸ್ಮುಸೆನ್ನರೂ ಸೇರಿ ಅದನ್ನು ಸೆರೆಂಡಿಬ್ ಸ್ಕಾಪ್ಸ್ ಗೂಬೆ ಎಂಬ ಹೊಸ ಪ್ರಭೇದವಾಗಿ ವಿವರಿಸಿದರು. ಕಿವಿ ಮೊದಲು, ಕಣ್ಣು ಆಮೇಲೆ.

ನಮ್ಮ ಹಳ್ಳಿಗಳ ಕಿವಿಯೂ ಇಂಥ ಕೆಲಸಕ್ಕೆ ಹೊಸದಲ್ಲ. ಬೆಳಗಿನ ಜಾವ ಬುಡಬುಡಿಕೆಯವನು ಮನೆಮುಂದೆ ನಿಂತು ಹಾಲಕ್ಕಿ ಶುಭ ನುಡಿಯಿತು ಎಂದು ಹೇಳಿ ಹೋಗುತ್ತಾನೆ. ಅದೇ ಮನೆಯವರು ಕೊಂಬಿನ ಗೂಗಿ ಕೂಗಿದರೆ ಕೆಡುಕೆಂದು ಅಂಜುತ್ತಾರೆ. ಶಕುನದ ಮಾತು ಹೇಗೇ ಇರಲಿ, ಕತ್ತಲಲ್ಲಿ ಕಾಣದ ಎರಡು ಹಕ್ಕಿಗಳನ್ನು ದನಿಯೊಂದರಿಂದಲೇ ಬೇರ್ಪಡಿಸುವ ಜಾಣತನ ಅದರಲ್ಲಿದೆ. ಕಣದಲ್ಲಿ ರಾಶಿ ಕಾಯುತ್ತ, ಕಡಲೆ ಹೊಲದಲ್ಲಿ ವಸ್ತಿ ಇದ್ದ ಹಿರಿಯರಿಗೆ ಯಾವ ಕೂಗು ಯಾವ ತಿಂಗಳಲ್ಲಿ ಹೆಚ್ಚು ಎಂಬುದು ಗೊತ್ತಿರುತ್ತದೆ. ಆ ತಿಳಿವಳಿಕೆ ಬರಹಕ್ಕೆ ಇಳಿದದ್ದು ತೀರ ಕಡಿಮೆ ಎಂಬುದು ನನ್ನನ್ನು ಬಹಳ ಕಾಡುವ ವಿಷಯ.

ಕೊಂಬಿನ ಗೂಬೆಗೆ ಮರಳೋಣ. ಯುರೇಷಿಯದ ಗೂಬೆಯ ಗಂಡು ‘ಊ-ಹು’ ಎಂದು ಮೊದಲ ಸ್ವರಕ್ಕೆ ಒತ್ತು ಕೊಟ್ಟು, ಮುಂದಿನದನ್ನು ಇಳಿಸಿ ಕೂಗುತ್ತದೆ. ದೂರದಿಂದ ಒಂದೇ ಸ್ವರ ಕೇಳಿಸುತ್ತದೆ. ನಮ್ಮದರಲ್ಲಿ ಒತ್ತು ಎರಡನೆಯದಕ್ಕೆ. ಗಾತ್ರದಲ್ಲೂ ಅಂತರ ದೊಡ್ಡದು. ಯುರೋಪಿನ ಹೆಣ್ಣುಗಳಲ್ಲಿ ದೊಡ್ಡವು ನಾಲ್ಕು ಕಿಲೋ ತೂಗುತ್ತವೆ, ನಮ್ಮವು ಅದರ ಅರ್ಧದ ಆಸುಪಾಸು. ಚಳಿನಾಡಿನ ಹಕ್ಕಿಗೆ ಕಾಲ್ಬೆರಳ ತುದಿಯವರೆಗೂ ಗರಿ, ನಮ್ಮದಕ್ಕೆ ಬೆರಳಿನ ಕೊನೆಯ ಗೆಣ್ಣು ಬೋಳು. ಇದಕ್ಕೆಲ್ಲ ಡಿಎನ್ಎ ಸಾಕ್ಷ್ಯ ಜೊತೆಗೂಡಿತು. ಜರ್ಮನಿಯ ಹೈಡೆಲ್‌ಬರ್ಗ್‌ನ ಮಿಖಾಯೆಲ್ ವಿಂಕ್ ಮತ್ತು ಸಂಗಡಿಗರು ಲೋಕದ ಗೂಬೆಗಳ ಜೀನುಗಳನ್ನು ಹೋಲಿಸಿ ವಂಶವೃಕ್ಷ ಕಟ್ಟುತ್ತಿದ್ದರು. 1999ರಲ್ಲಿ ಕ್ಲಾಸ್ ಕೋನಿಗ್, ಫ್ರೀಡ್‌ಹೆಲ್ಮ್ ವೈಕ್ ಮತ್ತು ಯಾನ್-ಹೆಂಡ್ರಿಕ್ ಬೆಕಿಂಗ್ ಜಗತ್ತಿನ ಗೂಬೆಗಳ ಬಗ್ಗೆ ತಂದ ಗ್ರಂಥ ನಮ್ಮದನ್ನು ಸ್ವತಂತ್ರ ಪ್ರಭೇದವೆಂದು ನಮೂದಿಸಿತು. ಹೀಗೆ ಫ್ರಾಂಕ್ಲಿನ್ ಕೊಟ್ಟಿದ್ದ ಸ್ಥಾನ ಒಂದೂವರೆ ಶತಮಾನದ ಆಚೆ ಮರಳಿ ಬಂತು, ಈ ಬಾರಿ ಬಲವಾದ ಕಾರಣಗಳೊಂದಿಗೆ.

ಬದುಕುವ ರೀತಿಯೂ ಇದನ್ನೇ ಹೇಳುತ್ತದೆ. ಉತ್ತರದ ದೊಡ್ಡ ಗೂಬೆ ಮೊಲ, ನರಿಮರಿಯವರೆಗೂ ಕೈಹಾಕಬಲ್ಲದು. ನಮ್ಮದು ಹೊಲದ ಗೂಬೆ. ಸತೀಶ್ ಪಾಂಡೆ ಮತ್ತು ನೀಲೇಶ್ ದಹಾನುಕರ್ ಮಹಾರಾಷ್ಟ್ರದಲ್ಲಿ ಇದು ಕಕ್ಕಿದ ಉಂಡೆಗಳನ್ನು ಬಿಡಿಸಿ, ಮೂಳೆ ಹಲ್ಲುಗಳನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇದರ ಆಹಾರದಲ್ಲಿ ಇಲಿ, ಹೆಗ್ಗಣಗಳದ್ದೇ ದೊಡ್ಡ ಪಾಲು. ಬೇಸಾಯದ ನೆಲಕ್ಕೆ ಇದರಿಂದಾಗುವ ಉಪಕಾರವನ್ನು ಅವರು ಒತ್ತಿ ಹೇಳಿದ್ದಾರೆ. ಹೆಸರು ಕಿತ್ತು ಕಡಲೆ ಬಿತ್ತುವ, ಹಿಂಗಾರಿ ಜೋಳ ತೆನೆಗಟ್ಟುವ ನವಲಗುಂದ, ಅಣ್ಣಿಗೇರಿ ಸೀಮೆಯ ರೈತನಿಗೆ ಇಲಿಯ ಕಾಟ ಏನೆಂದು ಬೇರೆ ಹೇಳಬೇಕಿಲ್ಲ. ಈ ಹಕ್ಕಿ ಸೈಬೀರಿಯದ ಹಕ್ಕಿಯ ಬಾಲಂಗೋಚಿಯಲ್ಲ. ಭಾರತ ಉಪಖಂಡದ ಬಯಲು, ಬಂಡೆ, ಹೊಲಗಳಲ್ಲೇ ರೂಪುಗೊಂಡ, ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ.

ಕಣಜದ ಗೂಬೆಯ ವ್ಯವಹಾರ ಇಷ್ಟು ಬೇಗ ಮುಗಿಯಲಿಲ್ಲ. ಹಳೆಯ ಗುಡಿಯ ಶಿಖರದ ಪೊಳ್ಳು, ಪಾಳುಬಿದ್ದ ವಾಡೆ, ಮುಚ್ಚಿದ ಹತ್ತಿ ಜಿನ್ನು, ಇಂಥಲ್ಲಿ ಬಿಳಿ ಮೋರೆಯ ಈ ಹಕ್ಕಿಯ ಮರಿಗಳು ರಾತ್ರಿಯಿಡೀ ಗೊರಕೆಯ ಸದ್ದು ಮಾಡುತ್ತವೆ. ಅಂಟಾರ್ಕ್ಟಿಕ ಬಿಟ್ಟು ಉಳಿದೆಲ್ಲ ಖಂಡಗಳಲ್ಲಿರುವ ಇದನ್ನು ಬಹುಕಾಲ ಒಂದೇ ಪ್ರಭೇದವೆಂದು ಎಣಿಸಲಾಗಿತ್ತು. ಭಾರತದ್ದಕ್ಕೆ 1929ರಲ್ಲಿ ಹಾರ್ಟರ್ಟ್ ‘ಸ್ಟರ್ಟೆನ್ಸ್’ ಎಂಬ ಉಪಪ್ರಭೇದದ ಹೆಸರು ಕೊಟ್ಟಿದ್ದರು. ಅಲೆಕ್ಸಾಂಡರ್ ರೂಲಾಂ ಅವರ ತಂಡವೂ ಸೇರಿದಂತೆ ಹಲವರು ಮಾಡಿದ ಡಿಎನ್ಎ ಅಧ್ಯಯನಗಳಲ್ಲಿ ಮೂರು ದೊಡ್ಡ ಕವಲುಗಳು ಕಂಡವು: ಯುರೋಪ್-ಆಫ್ರಿಕದ್ದು, ಅಮೆರಿಕ ಖಂಡಗಳದ್ದು, ದಕ್ಷಿಣ ಏಷ್ಯಾದಿಂದ ಆಸ್ಟ್ರೇಲಿಯದವರೆಗಿನದ್ದು. ಅಂತರರಾಷ್ಟ್ರೀಯ ಪಕ್ಷಿವಿಜ್ಞಾನಿಗಳ ಪಟ್ಟಿ ಪೂರ್ವದ ಗುಂಪನ್ನು ಮೊದಲೇ ಬೇರೆ ಮಾಡಿತ್ತು. ಹಕ್ಕಿವೀಕ್ಷಕರ ಜಾಲತಾಣ ಇ-ಬರ್ಡ್ ಬಳಸುವ ಕ್ಲೆಮೆಂಟ್ಸ್ ಪಟ್ಟಿ 2024ರ ಅಕ್ಟೋಬರಿನಲ್ಲಷ್ಟೇ ಮೂರನ್ನೂ ಒಪ್ಪಿತು. ಆ ದಿನದವರೆಗೆ ಅಣ್ಣಿಗೇರಿಯ ಒಂದೇ ಗೂಬೆ ಒಂದು ಪಟ್ಟಿಯಲ್ಲಿ ಟೈಟೊ ಆಲ್ಬ, ಇನ್ನೊಂದರಲ್ಲಿ ಟೈಟೊ ಜಾವಾನಿಕ. ಬರ್ಡ್‌ಲೈಫ್ ಸಂಸ್ಥೆ ತನ್ನ ಪಟ್ಟಿಗೆ ಇನ್ನೊಂದು ದಾರಿ ಹಿಡಿದಿತ್ತು. ಟೋಬಿಯಾಸ್ ಮತ್ತು ಸಂಗಡಿಗರು 2010ರಲ್ಲಿ ಸೂಚಿಸಿದ ಕ್ರಮದಂತೆ ಬಣ್ಣ, ಅಳತೆ, ಧ್ವನಿ, ನೆಲೆಯ ವ್ಯತ್ಯಾಸಗಳಿಗೆ ಅಂಕ ಕೊಟ್ಟು, ಒಟ್ಟು ಏಳು ಬಂದರೆ ಪ್ರಭೇದ ಎನ್ನುವುದು. ಅಂಕ ಕೊಡುವಾಗ ಎಲ್ಲರೂ ಒಂದೇ ಅಳತೆಗೋಲು ಹಿಡಿಯುತ್ತಾರೆ ಎಂಬುದು ಈ ಕ್ರಮದ ಗುಣ. ಆದರೆ ರಾತ್ರಿಯ ಹಕ್ಕಿಗೂ ಹಗಲಿನ ಹಕ್ಕಿಗೂ ಒಂದೇ ಅಳತೆಗೋಲು ಸಾಕೇ ಎಂಬ ಸಂದೇಹ ನನಗಿದೆ. ಪಟ್ಟಿಗಳ ಈ ಗೊಂದಲ ತೀರಿಸಲೆಂದು ಅವೆಲ್ಲವನ್ನೂ ಕೂಡಿಸಿದ ಏವಿಲಿಸ್ಟ್ 2025ರ ಜೂನ್‌ನಲ್ಲಿ ಹೊರಬಂತು. ಅದರಲ್ಲಿ ಜಗತ್ತಿನ ಹಕ್ಕಿಗಳು 11,131 ಪ್ರಭೇದ.

ಹೆಸರಿನ ಜಗಳ ಪ್ರಭೇದದ ಹಂತದಲ್ಲೇ ನಿಲ್ಲುವುದೂ ಇಲ್ಲ. ಮಧ್ಯ ಭಾರತದ ಕಾಡುಗೂಬೆಯೊಂದನ್ನು 1873ರಲ್ಲಿ ಹ್ಯೂಮ್, ಮುಂದೆ ಕಾಂಗ್ರೆಸ್ ಕಟ್ಟಿದ ಅದೇ ಹ್ಯೂಮ್, ಹಾಲಕ್ಕಿಯ ಕುಲಕ್ಕಿಂತ ಬೇರೆಯ ಕುಲವೆಂದೇ ಕರೆದಿದ್ದ. 1884ರ ಬಳಿಕ ಅದು ಯಾರಿಗೂ ಸಿಗಲಿಲ್ಲ. 1914ರಲ್ಲಿ ಗುಜರಾತಿನಲ್ಲಿ ಹೊಡೆದೆನೆಂದು ರಿಚರ್ಡ್ ಮೈನರ್ಟ್ಸ್‌ಹಾಗನ್ ತೋರಿಸುತ್ತಿದ್ದ ಚರ್ಮ ಕಳವಿನದು, ಖಾನದೇಶದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದ್ದು ಎಂಬುದನ್ನು ರಾಸ್ಮುಸೆನ್ ಮತ್ತು ನೈಜೆಲ್ ಕಾಲರ್ ಬಯಲಿಗೆಳೆದರು. ಈ ಡೇವಿಡ್‌ಸನ್ ಮುಂದೆ ಕಾರವಾರದಲ್ಲಿ ಕಲೆಕ್ಟರ್ ಆಗಿದ್ದವನು, ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದವನು. ಸುಳ್ಳು ವಿಳಾಸ ಅಳಿಸಿ ಹುಡುಕಿದಾಗ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಹಕ್ಕಿ ಜೀವಂತವಾಗಿ ಸಿಕ್ಕಿತು. ಅದರ ಕುಲದ ಪ್ರಶ್ನೆಯನ್ನು ಬಿಡಿಸಿದವರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಉಮಾ ರಾಮಕೃಷ್ಣನ್ ಕೂಡ ಇದ್ದಾರೆ. ಪಂಕಜ್ ಕೋಪರ್ಡೆ ಮೊದಲಾದವರೊಂದಿಗೆ 2018ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ಗೂಬೆ ಹಾಲಕ್ಕಿಯ ಕುಲದೊಳಗೇ ಬರುತ್ತದೆ ಎಂದು ತೋರಿಸಿತು. ಇಲ್ಲಿ ಹ್ಯೂಮ್ ಬೇರೆ ಮಾಡಿದ್ದನ್ನು ವಿಜ್ಞಾನ ಮರಳಿ ಕೂಡಿಸಿತು. ಹೊಸ ಸಾಕ್ಷ್ಯ ಬಂದಾಗಲೆಲ್ಲ ಒಂದು ಎರಡಾಗುತ್ತದೆ ಎಂಬ ಭಾವನೆ ತಪ್ಪು.

ಉಪಪ್ರಭೇದ ಎಂದಮಾತ್ರಕ್ಕೆ ಕಡೆಗಣಿಸಬಹುದೆಂದೂ ಅಲ್ಲ. ಅಮೆರಿಕದ ಪಶ್ಚಿಮ ಭಾಗದ ಚುಕ್ಕೆ ಗೂಬೆಗೆ ಮೂರು ಉಪಪ್ರಭೇದಗಳಿವೆ. 1990ರಲ್ಲಿ ಅದರ ಉತ್ತರದ ಉಪಪ್ರಭೇದಕ್ಕೆ ಅಲ್ಲಿನ ಕಾನೂನು ರಕ್ಷಣೆ ಕೊಟ್ಟಿದ್ದರಿಂದ ಹಳೆಯ ಕಾಡುಗಳಲ್ಲಿ ಮರ ಕಡಿಯುವುದು ದೊಡ್ಡ ಪ್ರಮಾಣದಲ್ಲಿ ನಿಂತಿತು, ಮರದ ಉದ್ಯಮದ ಊರುಗಳಲ್ಲಿ ಗಲಾಟೆಗಳಾದವು. ಆ ಕಾನೂನಿನಲ್ಲಿ ಪ್ರಭೇದ ಎಂಬ ಮಾತಿನೊಳಗೆ ಉಪಪ್ರಭೇದವೂ ಅಡಕ. ಪೂರ್ವದಿಂದ ಬಂದು ನೆಲೆ ಕಸಿಯುತ್ತಿರುವ ಪಟ್ಟೆಗೂಬೆಯೊಂದಿಗೆ ಚುಕ್ಕೆಗೂಬೆ ಕೆಲವೊಮ್ಮೆ ಜೋಡಿಯಾಗುತ್ತದೆ, ಮರಿಗಳೂ ಆಗುತ್ತವೆ. ಆದರೂ ಅವು ಎರಡು ಪ್ರಭೇದಗಳೇ. ಮಾಯರ್ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ನಡೆಯದು ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಗೂಬೆಗಳಿಗೆ ಅಪಾಯ ಬರುತ್ತಿರುವುದು ಬೇರೆ ಕಡೆಯಿಂದ. 2010ರಲ್ಲಿ ಟ್ರಾಫಿಕ್ ಇಂಡಿಯಾಕ್ಕಾಗಿ ಅಬ್ರಾರ್ ಅಹ್ಮದ್ ಸಿದ್ಧಪಡಿಸಿದ ವರದಿ ದೇಶದ ಸುಮಾರು 30 ಪ್ರಭೇದಗಳ ಗೂಬೆಗಳಲ್ಲಿ 15 ಕಳ್ಳವ್ಯಾಪಾರದಲ್ಲಿ ಸಿಕ್ಕದ್ದನ್ನು ದಾಖಲಿಸಿದೆ. ಮಾಟ, ಪೂಜೆ, ಬಲಿಯ ಹೆಸರಿನಲ್ಲಿ ಬೇಡಿಕೆ ಹೆಚ್ಚಿರುವುದು ದೊಡ್ಡ ಗಾತ್ರದ, ಕೊಂಬಿರುವ ಗೂಬೆಗಳಿಗೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಇದು ಅಪರಾಧ. ಹಿಡಿದ ಹಕ್ಕಿ ಯಾವುದು, ಅದು ಎಲ್ಲೆಲ್ಲಿ ಇದೆ ಎಂದು ತಿಳಿಯದೆ ಎಷ್ಟು ಉಳಿದಿದೆ ಎಂಬ ಲೆಕ್ಕ ಹಾಕಲಾಗದು. ಸ್ಪೇನಿನಿಂದ ಓಖೋಟ್ಸ್ಕ್ ಸಮುದ್ರದವರೆಗೆ ಹರಡಿದ ಪ್ರಭೇದದ ಒಂದು ಚೂರು ಎಂದು ಎಣಿಸಿದ್ದಾಗ ನಮ್ಮ ಕೊಂಬಿನ ಗೂಬೆಯ ಬಗ್ಗೆ ಇದ್ದ ನಿಶ್ಚಿಂತೆ, ಇಡೀ ಪ್ರಭೇದ ಈ ಉಪಖಂಡದಲ್ಲೇ ಇದೆ ಎಂದು ತಿಳಿದಾಗ ಇರಲಾಗದು. ಹಳ್ಳದ ದಂಡೆಯನ್ನು ಜೆಸಿಬಿಯಿಂದ ಸಪಾಟು ಮಾಡುವ ಮೊದಲು ಚಾಚಿನ ಮೇಲೆ ಮೊಟ್ಟೆಯಿದೆಯೇ ಎಂದು ನೋಡುವ ಕಾರಣ ಅಷ್ಟರಮಟ್ಟಿಗೆ ಗಟ್ಟಿಯಾಯಿತು.

ಇನ್ನು ಜಿಲ್ಲೆಯ ಪಶ್ಚಿಮದ ಅಂಚು. ಹುಬ್ಬಳ್ಳಿಯಿಂದ ಕಾರವಾರದ ರಸ್ತೆ ಹಿಡಿದು ಕಲಘಟಗಿ ಮುಟ್ಟುವ ಹೊತ್ತಿಗೆ ಎರಿನೆಲ ಹಿಂದೆ ಉಳಿದು ಮಣ್ಣು ಕೆಂಪಾಗುತ್ತದೆ, ಭತ್ತದ ಗದ್ದೆಗಳೂ ತೇಗ ಮತ್ತಿಗಳ ಕಾಡೂ ಕಾಣತೊಡಗುತ್ತವೆ. ಅರೆಮಲೆನಾಡು. ಇಲ್ಲಿನ ಮರಗಳಲ್ಲಿ ಹಾಲಕ್ಕಿಯಷ್ಟೇ ಗಾತ್ರದ, ಚುಕ್ಕೆಯ ಬದಲು ಮೈತುಂಬ ಅಡ್ಡಪಟ್ಟೆಗಳಿರುವ ಕಾಡುಹಾಲಕ್ಕಿ ಇರುತ್ತದೆ. ‘ಪ್ರಾವ್... ಪ್ರಾವ್...’ ಎಂದು ನಿಧಾನಕ್ಕೆ ಶುರುಮಾಡಿ, ಬರಬರುತ್ತ ಚುರುಕಾಗಿ, ಥಟ್ಟನೆ ನಿಲ್ಲಿಸುವುದು ಅದರ ಕೂಗು. ಇವತ್ತು ಗ್ಲಾಸಿಡಿಯಂ ರೇಡಿಯೇಟಂ ಎನ್ನುವ ಇದಕ್ಕೆ 1833ರಲ್ಲಿ ಟಿಕೆಲ್ ‘ರೇಡಿಯೇಟ’ ಎಂದು ಹೆಸರಿಟ್ಟ. 1846ರಲ್ಲಿ ಎಡ್ವರ್ಡ್ ಬ್ಲಿತ್ ಪಶ್ಚಿಮಘಟ್ಟದ ಹಕ್ಕಿಯನ್ನು ‘ಮಲಬಾರಿಕಂ’ ಎಂದು ಬೇರೆ ಗುರುತಿಸಿದ: ತಲೆ ಹೆಚ್ಚು ಕಂದು, ಬಾಲ ಗಿಡ್ಡ. ಇವತ್ತಿನ ಪಟ್ಟಿಗಳಲ್ಲಿ ಅದು ಉಪಪ್ರಭೇದ. ಆದರೆ ಅದು ಸ್ವತಂತ್ರ ಪ್ರಭೇದವಾಗಿರಬಹುದು ಎಂದು ಗೂಬೆಗಳನ್ನು ಬಲ್ಲವರು ಸೂಚಿಸಿದ್ದಾರೆ.

ಪಶ್ಚಿಮಘಟ್ಟದಲ್ಲಿ ಇಂಥ ಸೂಚನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶೋಲಾ ಕಾಡಿನ ಪುಟ್ಟ ಹಾಡುಹಕ್ಕಿಗಳ ಮೇಲೆ ವಿ.ವಿ. ರಾಬಿನ್ ಮತ್ತು ಸಂಗಡಿಗರು ಮಾಡಿದ ಕೆಲಸ 2017ರಲ್ಲಿ ಶೋಲಿಕೋಲ, ಮಾಂಟೆಸಿಂಕ್ಲ ಎಂಬ ಎರಡು ಹೊಸ ಕುಲಗಳನ್ನೇ ತಂದುಕೊಟ್ಟಿತು. ಒಂದೇ ಎಂದುಕೊಂಡಿದ್ದ ಹಕ್ಕಿಗಳು ಕಣಿವೆಯೊಂದರ ಎರಡು ಕಡೆ ಬಹುಕಾಲದಿಂದ ಬೇರೆಯಾಗಿ ಬಾಳಿದ್ದವು ಎಂದು ಅದರಲ್ಲಿ ಕಂಡುಬಂತು.

ಬಯಲಿನ ಕಾಡುಹಾಲಕ್ಕಿಯ ನೆಲೆಗೂ ಘಟ್ಟದ ಕಾಡುಹಾಲಕ್ಕಿಯ ನೆಲೆಗೂ ನಡುವಿನ ಅಂಚಿನಲ್ಲಿ ಕಲಘಟಗಿ ಕೂತಿದೆ. ಎರಡು ರೂಪಗಳು ಬೆರೆಯುತ್ತವೆಯೋ ಇಲ್ಲವೋ ಎಂಬುದನ್ನು ಕೇಳಬೇಕಾದದ್ದು ಇಂಥ ಅಂಚಿನಲ್ಲೇ, ಘಟ್ಟದ ನಡುವಿನಲ್ಲೂ ಅಲ್ಲ, ಬಯಲಿನ ನಡುವಿನಲ್ಲೂ ಅಲ್ಲ. ಅದಕ್ಕೆ ಬೇಕಾದ ಸಲಕರಣೆ ಇವತ್ತು ಪ್ರತಿಯೊಬ್ಬರ ಕಿಸೆಯಲ್ಲಿದೆ. ಮೊಬೈಲಿನಲ್ಲಿ ಮುದ್ರಿಸಿದ ಒಂದು ನಿಮಿಷದ ಕೂಗು, ಊರು, ತಾರೀಖು, ಹೊತ್ತು, ಒಂಟಿಯೋ ಜೋಡಿಯೋ ಎಂಬ ವಿವರ ಜೊತೆಗಿದ್ದರೆ, 2005ರಿಂದ ನಡೆಯುತ್ತಿರುವ ಕ್ಸೆನೊ-ಕಾಂಟೊ ಧ್ವನಿಭಂಡಾರಕ್ಕೋ ಇ-ಬರ್ಡ್‌ಗೋ ಸೇರಿದ ಮೇಲೆ ಜಗತ್ತಿನ ಯಾವ ಸಂಶೋಧಕನಾದರೂ ಅದರ ಸ್ವರಗಳ ನಡುವಿನ ಅಂತರ ಅಳೆಯಬಹುದು. ಸಂಕ್ರಾಂತಿಯಿಂದ ಮುಂಗಾರಿಗೆ ಮುಂಚಿನವರೆಗೆ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಇದರ ಕೂಗು ಚೆನ್ನಾಗಿ ಕೇಳಿಸುತ್ತದೆ. ಧ್ವನಿ ನುಡಿಸಿ ಹಕ್ಕಿಯನ್ನು ಕರೆಯುವುದು ಬೇಡ. ಮೊಟ್ಟೆಮರಿಯ ಕಾಲದಲ್ಲಿ ಅದು ಎದುರಾಳಿ ಬಂದನೆಂದು ಬೆದರಿ ಗೂಡು ಬಿಟ್ಟು ಅಲೆದಾಡುತ್ತದೆ.

ಪೂರ್ವಕ್ಕೆ ಕುಂದಗೋಳದ ಮಾವಿನ ತೋಟಗಳು, ಪಶ್ಚಿಮಕ್ಕೆ ಯಲ್ಲಾಪುರದ ಕಡೆಯ ಕಾಡು, ಎರಡೂ ಬದಿಯ ಮುದ್ರಣಗಳು ಬೇಕು, ನಡುವಿನ ಕಲಘಟಗಿಯವು ಎಲ್ಲಕ್ಕಿಂತ ಹೆಚ್ಚು ಬೇಕು. ಪಶ್ಚಿಮಕ್ಕೆ ಹೋದಂತೆ ಕೂಗು ಮೆಲ್ಲಗೆ ಬದಲಾಗುತ್ತ ನಡೆದರೆ ಬ್ಲಿತ್‌ನ ‘ಮಲಬಾರಿಕಂ’ ಉಪಪ್ರಭೇದವಾಗಿಯೇ ಉಳಿಯುತ್ತದೆ. ಕೆಲವೇ ಮೈಲಿಗಳ ಅಂತರದಲ್ಲಿ, ನಡುವಣ ರೂಪಗಳೇ ಇಲ್ಲದೆ, ಒಂದು ಕೂಗು ನಿಂತು ಇನ್ನೊಂದು ಶುರುವಾಗುವುದಾದರೆ ಅದರ ಹೆಸರಿನಿಂದ ಒಂದು ಪದ ಕಡಿಮೆಯಾಗುತ್ತದೆ, ಬೆಣ್ಣಿಹಳ್ಳದ ಗೂಗಿಗೆ ಆದ ಹಾಗೆ.